ಪೈಪು ದಿಣ್ಣೆಯ ಮೇಲೆ, ಮನೆ ತಗ್ಗಿನಲ್ಲಿ

ಬೆಳಗ್ಗೆ ಎದ್ದು ಹೊರಗೆ ಬಂದರೆ ನಿಮ್ಮದೇ ನೆಲದಲ್ಲಿ ನೀವು ಹೊಡೆಯದ ಗೂಟ ನಿಂತಿದೆ ಎಂದುಕೊಳ್ಳಿ. ಏನು ಮಾಡುತ್ತೀರಿ? ಕಿತ್ತು ಎಸೆಯುತ್ತೀರೋ, ಹೊಡೆದವರು ಯಾರೆಂದು ಕೇಳುತ್ತೀರೋ, ಇಲ್ಲ ಪಕ್ಕದವರ ನೆಲದಲ್ಲೂ ಇದೆಯಾ ಎಂದು ಬೇಲಿ ಮೇಲಿಂದ ಇಣುಕುತ್ತೀರೋ? ಸುಳ್ಳು ಹೇಳಬೇಡಿ. ನಾವೆಲ್ಲ ಮೊದಲು ಇಣುಕುವವರೇ. ಈ ಕಥೆಯ ಕಸಿಗಾರನೂ ಇಣುಕಿದ.

ಗಿಡಗಳಿಗೆ ಕಸಿ ಕಟ್ಟುವುದು ಅವನ ಕಸುಬು. ದಿಣ್ಣೆಯ ಬುಡದ ತಗ್ಗಿನಲ್ಲಿ ಅವನ ನರ್ಸರಿ, ನರ್ಸರಿಯ ನಡುವೆ ಮನೆ. ಗಾಳಿಯ ಹೊಡೆತವಿಲ್ಲದ ಜಾಗ, ಎಳೆಯ ಸಸಿಗಳಿಗೆ ಹೇಳಿ ಮಾಡಿಸಿದ ಹಾಗಿದೆ. ನಿಂಬೆ, ಸೀಬೆ, ಗುಲಾಬಿ, ಕೇಳಿದ್ದೆಲ್ಲ ಸಿಗುತ್ತದೆ. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಮಗಳು, ಮತ್ತೆ ಅವನ ಅಮ್ಮ. ಅಮ್ಮನಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಹಿಂದಿನ ಕೋಣೆಯ ಮಂಚದಲ್ಲಿ ಮಲಗಿಕೊಂಡೇ ಇಡೀ ಮನೆಯನ್ನು ಆಳುತ್ತಾಳೆ. ಒಲೆಯ ಮೇಲೆ ಹಾಲು ಸೀಯುವುದು ಒಲೆಯ ಮುಂದೆ ನಿಂತವರಿಗಿಂತ ಮೊದಲು ಅವಳ ಮೂಗಿಗೆ ಗೊತ್ತಾಗುತ್ತದೆ.

ದಿಣ್ಣೆಯ ಮೇಲೆ ಅಣ್ಣನ ನೆಲ, ಅಣ್ಣನ ಮನೆ. ಅಣ್ಣ ಬಸ್ ಓಡಿಸುತ್ತಾನೆ. ಅಣ್ಣತಮ್ಮಂದಿರಿಗೆ ಮಾತಿಲ್ಲ. ಪಾಲಾದ ದಿನ ನೀರಿನ ಮೋಟಾರು ಯಾರಿಗೆ ಎಂಬಲ್ಲಿ ಶುರುವಾದ ಜಗಳ, ಆ ಮೋಟಾರು ಸುಟ್ಟು ಗುಜರಿಗೆ ಹೋದ ಮೇಲೂ ಮುಗಿದಿರಲಿಲ್ಲ.

ಕಸಿಗಾರ ಇಣುಕಿ ನೋಡಿದ. ದಿಣ್ಣೆಯ ಮೇಲೆ ಒಂದೂ ಗೂಟವಿಲ್ಲ. ತನ್ನ ಸೀಬೆ ಮಡಿಗಳ ನಟ್ಟನಡುವೆ ಮಾತ್ರ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿಕೊಂಡು ಸಾಲಾಗಿ ನಿಂತಿವೆ. ಅವನ ಹೊಟ್ಟೆ ಉರಿದುಹೋಯಿತು.

ಬಿಸಿಲೇರುವ ಹೊತ್ತಿಗೆ ಜೀಪು ಬಂತು. ಇಳಿದವನನ್ನು ಊರವರು ಆಗಲೇ ಗೂಟದ ಸಾಹೇಬ ಎನ್ನತೊಡಗಿದ್ದರು. ಕಂಪನಿಗಾಗಿ ನೆಲ ಹೊಂದಿಸುವುದು ಅವನ ಕೆಲಸ. ಮೆತ್ತನೆಯ ಮಾತು, ಮೆತ್ತನೆಯ ನಗು.

"ಇದೇನ್ ಸಾರ್, ನಮ್ಮ ಜಾಗದಲ್ಲಿ ಇದು?"

"ಪೈಪ್‌ಲೈನ್ ಯಜಮಾನ್ರೇ. ದೂರದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆಯಲ್ಲ, ಅವುಗಳ ಹೊಗೆಯಿಂದ ಕಾರ್ಬನ್ ಡೈಆಕ್ಸೈಡ್ ಹಿಡೀತೀವಿ. ಒತ್ತಿ ಒತ್ತಿ ಪೈಪಿಗೆ ತುಂಬ್ತೀವಿ. ಆ ಕಡೆ ತಗೊಂಡ್ಹೋಗಿ ಭೂಮಿ ಆಳದಲ್ಲಿ ಹೂತುಬಿಡ್ತೀವಿ. ಲೋಕಕ್ಕೇ ಒಳ್ಳೇದು."

"ಗ್ಯಾಸ್ ಅಂತೀರಿ. ಹೊತ್ಕೊಂಡ್ರೆ?"

"ಛೇ ಛೇ! ಸೋಡಾ ಬಾಟ್ಲಿ ತೆಗೆದ್ರೆ ಬುಸ್ ಅನ್ನತ್ತಲ್ಲ, ಅದೇ ಇದು. ಬೆಂಕಿ ಹತ್ತೋದೇ ಇಲ್ಲ. ಬೆಂಕಿ ಆರಿಸೋಕೆ ಇದನ್ನ ಬಳಸ್ತಾರೆ."

"ಸರಿ, ನಾನು ಜಾಗ ಕೊಡಲ್ಲ ಅಂದ್ರೆ?"

"ಒಪ್ಪಿ ಕೊಟ್ರೆ ಪರಿಹಾರ, ಮರ್ಯಾದೆ ಎರಡೂ ಇದೆ. ಒಪ್ಪದಿದ್ರೆ ಕಾನೂನಿನ ದಾರಿ ಹಿಡೀಬೇಕಾಗತ್ತೆ. ಅದೆಲ್ಲ ಯಾಕೆ ಹೇಳಿ ನಿಮಗೆ?"

ಕಸಿಗಾರ ತಲೆ ಕೆರೆದುಕೊಂಡ. ಕಣ್ಣು ತಾನಾಗಿ ದಿಣ್ಣೆಯ ಕಡೆ ಹೋಯಿತು. "ಮೇಲೆ ನೋಡಿ ಸಾರ್. ಬರೀ ಕಲ್ಲು. ಒಂದು ಹುಲ್ಲುಕಡ್ಡಿ ಬೆಳೆಯಲ್ಲ. ಇಲ್ಲಿ ನನ್ನ ಹೊಟ್ಟೆಪಾಡು ಇದೆ. ಅತ್ತ ಹಾಕಿ."

"ಅದು ನಿಮ್ಮಣ್ಣಂದಲ್ವಾ?"

"ಹೌದು. ಅದಕ್ಕೇನೀಗ?"

ಸಾಹೇಬ ನಕ್ಕ. ಅದನ್ನೇ ಒಂದು ಸಾಲು ಬರೆದುಕೊಡಿ ಎಂದ. ಜೀಪಿನ ಬಾನೆಟ್ ಮೇಲೆ ಕಾಗದವಿಟ್ಟು ಕಸಿಗಾರ ಸಹಿ ಹಾಕಿದ. ವಾರ ಕಳೆಯುವಷ್ಟರಲ್ಲಿ ಗೂಟಗಳು ಎದ್ದು ದಿಣ್ಣೆಯ ಮೇಲೆ ಹೋಗಿ ನಿಂತವು. ಅವನು ಸಿಳ್ಳೆ ಹಾಕುತ್ತ ಗುಲಾಬಿಗೆ ಕಸಿ ಕಟ್ಟಿದ. ಹೆಂಡತಿ ಮಾತ್ರ, "ಅಲ್ಲರೀ, ನಮಗೆ ಬೇಡವಾದ್ದು ಅವರಿಗೆ ಯಾಕೆ?" ಎಂದಳು. "ಸುಮ್ನಿರು, ನಿಂಗೆ ಗೊತ್ತಾಗಲ್ಲ" ಎಂದ. ಯಾರಿಗೆ ಏನು ಗೊತ್ತಾಗಿರಲಿಲ್ಲ ಎಂಬುದನ್ನು ಮುಂದೆ ನೋಡಿ.

ಅಣ್ಣನ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಜಗಳ ಗಂಡಸರದ್ದು, ಅತ್ತೆಯ ಬೆನ್ನಿನ ಹುಣ್ಣಿಗೂ ಅದಕ್ಕೂ ಸಂಬಂಧವಿಲ್ಲ ಎನ್ನುವ ಹೆಂಗಸು. ಮಲಗಿ ಮಲಗಿ ಆದ ಆ ಹುಣ್ಣಿಗೆ ಮದ್ದು ಕಟ್ಟಲು ಆಗಾಗ ಇಳಿದು ಬರುತ್ತಿದ್ದಳು, ಕಟ್ಟಿ, ಕೈ ತೊಳೆದು, ಮೈದುನನ ಮುಖ ನೋಡದೆ ಹತ್ತಿ ಹೋಗುತ್ತಿದ್ದಳು. ಈ ಸಲ ಕೆಲವು ದಿನ ಬಂದಿರಲಿಲ್ಲ. ಬಂದವಳು ಮದ್ದು ಕಟ್ಟಿದ ಮೇಲೆ ಹೋಗಲೂ ಇಲ್ಲ. ಪಡಸಾಲೆಯಲ್ಲಿ ಕುರ್ಚಿ ಎಳೆದುಕೊಂಡು ಕೂತಳು.

"ಕೂತ್ಕೋ. ನಿನ್ನ ಹತ್ರ ಮಾತಾಡ್ಬೇಕು" ಎಂದಳು.

ಕಸಿಗಾರ ಕುರ್ಚಿಯ ಅಂಚಿನಲ್ಲಿ ಕೂತ. ತಾನು ಬರೆದುಕೊಟ್ಟ ವಿಷಯ ಗೊತ್ತಾಗಿಬಿಟ್ಟಿತು ಎಂದುಕೊಂಡ. ಅವಳಿಗೆ ಅದು ಗೊತ್ತೇ ಇರಲಿಲ್ಲ.

"ಈ ಪೈಪ್‌ಲೈನ್ ಶುರುವಾಗೋ ಕಡೆ ಒಂದೂರಿದೆ. ಅಲ್ಲಿ ಪೈಪ್ ಹಾಕಿ ಮುಗಿಸಿ, ಗ್ಯಾಸ್ ಬಿಟ್ಟು ಪರೀಕ್ಷೆ ಮಾಡ್ತಿದ್ರಂತೆ. ಒಡೀತು. ನಮ್ಮ ಆಸ್ಪತ್ರೆಯಿಂದ ನನ್ನನ್ನೂ ಕಳಿಸಿದ್ರು."

"ಸುಟ್ಟುಹೋಯ್ತಾ ಅತ್ತಿಗೆ?"

"ಒಂದು ಕಿಡಿ ಇಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ. ಒಡೆದ ಕಡೆ ಬೆಳ್ಳಗೆ ಮಂಜಿನ ಹಾಗೆ ಸ್ವಲ್ಪ ಹೊತ್ತು ಕಾಣಿಸ್ತಂತೆ. ಆಮೇಲೆ ಜನ ನಿಂತನಿಂತಲ್ಲೇ ಬಿದ್ದಿದಾರೆ. ಬೈಕ್ ಹತ್ತಿ ಓಡಿಹೋಗೋಣ ಅಂದವರ ಬೈಕೂ ನಿಂತುಹೋಗಿದೆ. ಇಂಜಿನ್ನಿಗೂ ಗಾಳಿ ಬೇಕಲ್ಲಪ್ಪ. ನಮ್ಮ ಆಂಬುಲೆನ್ಸ್ ಇಳಿಜಾರಲ್ಲಿ ಕೆಮ್ಮಿ ಕೆಮ್ಮಿ ನಿಂತೋಯ್ತು. ಇಳಿದು ಹಿಂದಕ್ಕೆ ಓಡಿ ಬಂದ್ವಿ. ಕೆಳಗೆ ಜನ ಬಿದ್ದಿರೋದು ಕಣ್ಣಿಗೆ ಕಾಣ್ತಿದೆ, ಇಳಿಯೋ ಹಾಗಿಲ್ಲ. ಬೆನ್ನಿಗೆ ಉಸಿರಾಟದ ಸಿಲಿಂಡರ್ ಕಟ್ಕೊಂಡವರು ಬರೋವರೆಗೂ ನಾನು ನರ್ಸ್ ಬಟ್ಟೆ ಹಾಕ್ಕೊಂಡು ಸುಮ್ನೆ ನಿಂತಿದ್ದೆ."

ಕಸಿಗಾರನ ಹೆಂಡತಿ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. "ಸತ್ತರಾ ಅಕ್ಕಾ?"

"ಹೂಂ. ಒಂದು ಮನೇಲಿ ಮಗೂನ ಚಾಪೆ ಮೇಲೆ ಮಲಗಿಸಿದ್ರು." ಅತ್ತಿಗೆ ಅಷ್ಟಕ್ಕೆ ನಿಲ್ಲಿಸಿ ತನ್ನ ಅಂಗೈ ನೋಡಿಕೊಂಡಳು. "ಬದುಕಿದವರಲ್ಲೂ ಕೆಲವರಿಗೆ ಮಾತು ತೊದಲತ್ತೆ. ಒಬ್ಬ ನನ್ನ ಹತ್ರ ತನ್ನ ಮನೆ ಎಲ್ಲಿ ಅಂತ ಕೇಳ್ತಿದ್ದ."

ಕಸಿಗಾರ ಪಟ್ಟು ಬಿಡಲಿಲ್ಲ. "ಅತ್ತಿಗೆ, ಅದು ಸೋಡಾದಲ್ಲಿರೋ ಗ್ಯಾಸಂತೆ. ಸೋಡಾ ಕುಡಿದು ಯಾರಾದ್ರೂ ಸತ್ತಿದಾರಾ?"

"ನೀರು ಕುಡಿದು ಯಾರೂ ಸತ್ತಿಲ್ಲ. ನೀರಲ್ಲಿ ಮುಳುಗಿ ಸತ್ತಿದಾರಲ್ಲ?"

"ಅಲ್ಲಿ ಏನೋ ಕಳಪೆ ಕೆಲಸ ಆಗಿರತ್ತೆ ಬಿಡಿ."

"ಇಲ್ಲಿ ಹಾಕೋದೂ ಅದೇ ಕಂಪನಿ, ಅದೇ ಪೈಪು."

"ಆದ್ರೂ ನಮಗೇನು? ಪೈಪು ಈಗ ಮೇಲಕ್ಕೆ ಹೋಯ್ತಲ್ಲ."

ಅತ್ತಿಗೆ ಅವನನ್ನೇ ನೋಡಿದಳು. "ಅಲ್ಲೂ ಪೈಪು ದಿಣ್ಣೆ ಮೇಲೇ ಇತ್ತು ಕಣಪ್ಪ. ಸತ್ತವರೆಲ್ಲ ತಗ್ಗಿನ ಮನೆಯವರು. ಈ ಗ್ಯಾಸು ನಾವು ಉಸಿರಾಡೋ ಗಾಳಿಗಿಂತ ಭಾರ. ಇಳಿಯತ್ತೆ, ಇಳಿದು ತಗ್ಗಲ್ಲಿ ನಿಲ್ಲತ್ತೆ. ನಿನಗೆ ಇದನ್ನ ನಾನು ಹೇಳ್ಬೇಕಾ? ಚಳಿಗಾಲದಲ್ಲಿ ಸಸಿಗಳ ಮೇಲೆ ಗೋಣಿ ಯಾಕೆ ಹೊದಿಸ್ತೀಯ?"

"ದಿಣ್ಣೆ ಮೇಲಿಂದ ಚಳಿಗಾಳಿ ಇಳಿದು ಬರತ್ತೆ, ಇಲ್ಲಿ ಬಂದು ಕೂತ್ಕೊಂಡ್ಬಿಡತ್ತೆ. ಬಿಸಿಲು ಬಿದ್ರೂ ಬೇಗ ಅಲ್ಲಾಡಲ್ಲ, ಸಸಿ ಎಲ್ಲ..."

ಹಿಂದಿನ ಕೋಣೆಯಲ್ಲಿ ಅಮ್ಮ ಕೆಮ್ಮಿದಳು. ಕಸಿಗಾರನಿಗೆ ಆ ಕ್ಷಣ ಹುಟ್ಟಿದ ಭಯ ಇವತ್ತಿಗೂ ಹೋಗಿಲ್ಲ.

"ನಮ್ಮ ನೆಲದಲ್ಲಿ ಒಡೆದ್ರೆ ನಾವು ಇನ್ನೂ ಮೇಲಕ್ಕೆ ಓಡಿ ಹೇಗೋ ಬದುಕಬಹುದು" ಎಂದಳು ಅತ್ತಿಗೆ. "ಅದು ಇಳಿದು ಬರೋದು ಇಲ್ಲಿಗೆ. ಅತ್ತೆ ಮಂಚಕ್ಕೆ. ಅದಕ್ಕೇ ಬಂದೆ. ಪೈಪು ಮೇಲಕ್ಕೆ ಯಾಕೆ ಬಂತು ಅಂತಾನೇ ಗೊತ್ತಾಗ್ತಿಲ್ಲ."

ಕಸಿಗಾರನ ಹೆಂಡತಿಯೇ ಹೇಳಿದಳು: "ಅಕ್ಕಾ, ಅತ್ತ ಹಾಕಿ ಅಂತ ಬರೆದುಕೊಟ್ಟಿದ್ದು ಇವರೇ."

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅತ್ತಿಗೆ ಬೈಯಲಿಲ್ಲ. ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. "ನಾಳೆ ಮದ್ದು ಬದಲಾಯಿಸ್ಬೇಕು, ಬರ್ತೀನಿ" ಎಂದಷ್ಟೇ ಹೇಳಿ ಹತ್ತಿ ಹೋದಳು.

ಮರುದಿನ ಬೆಳಗ್ಗೆಯೇ ಕಸಿಗಾರ ಪೇಟೆಯ ಬಾಡಿಗೆ ಕೋಣೆಯಲ್ಲಿದ್ದ ಕಂಪನಿ ಆಫೀಸಿಗೆ ಹೋದ. ಗೂಟದ ಸಾಹೇಬ ಫ್ಯಾನ್ ಕೆಳಗೆ ಕೂತಿದ್ದ. ಕುರ್ಚಿ ತೋರಿಸಿದ. ಅವನೇನು ಕೆಟ್ಟ ಮನುಷ್ಯನಲ್ಲ. ಸಂಬಳಕ್ಕೆ ಕೆಲಸ ಮಾಡುವವನು, ಕೆಲಸ ಚೆನ್ನಾಗಿ ಬಲ್ಲವನು.

"ಸಾರ್, ನಾನು ಬರೆದುಕೊಟ್ಟಿದ್ದು ವಾಪಸ್ ತಗೋತೀನಿ. ದಿಣ್ಣೆ ಮೇಲೂ ಬೇಡ, ತಗ್ಗಲ್ಲೂ ಬೇಡ."

"ಬೇಡ ಅಂತ ಬರೀರಿ ಯಜಮಾನ್ರೇ, ತಗೋತೀನಿ. ಆದ್ರೆ ಒಂದು ಮಾತು. ನಿಮ್ಮೂರಲ್ಲಿ ಇವತ್ತಿನವರೆಗೆ ಬೇಡ ಅಂದವರು ಒಬ್ಬರೂ ಇಲ್ಲ. ಎಲ್ಲರೂ ಅತ್ತ ಹಾಕಿ ಅಂದವರೇ. ನಿಮ್ಮಣ್ಣನೂ ಬಂದಿದ್ರು, ಗೂಟ ಮೇಲಕ್ಕೆ ಹೋದ ಮಾರನೇ ದಿನ. ದಿಣ್ಣೆ ಬೇಡ, ಮೊದಲಿನ ಹಾಗೆ ತಗ್ಗಲ್ಲೇ ಹಾಕಿ ಅಂದ್ರು. ಅವರೂ ಬರೆದುಕೊಟ್ಟಿದಾರೆ. ಅಂದ್ರೆ ನಾವು ಎಲ್ಲಿ ಹಾಕಿದ್ರೂ ಒಬ್ಬರ ಒಪ್ಪಿಗೆ ಇದ್ದೇ ಇದೆ."

ಅವನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕಸಿಗಾರನಿಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು.

ಅಲ್ಲಿಂದ ನೇರ ದಿಣ್ಣೆ ಹತ್ತಿದ. ವರ್ಷಗಟ್ಟಲೆ ತುಳಿಯದ ಅಂಗಳ. ಅಣ್ಣ ಆಗಷ್ಟೇ ಬೆಳಗಿನ ಪಾಳಿ ಮುಗಿಸಿ ಬಂದು ಜಗುಲಿಯಲ್ಲಿ ಬೂಟು ಬಿಚ್ಚುತ್ತಿದ್ದ. ತಲೆ ಎತ್ತಿ ನೋಡಿ ಮತ್ತೆ ಬೂಟಿಗೆ ಬಗ್ಗಿದ.

"ತಗ್ಗಲ್ಲಿ ಹಾಕಿ ಅಂದ್ಯಂತೆ" ಎಂದ ತಮ್ಮ.

"ದಿಣ್ಣೆ ಮೇಲೆ ಹಾಕಿ ಅಂದ್ಯಂತೆ" ಎಂದ ಅಣ್ಣ.

ಅಣ್ಣ ಒಂದು ಬೂಟು ಕಾಲಲ್ಲೇ ಇಟ್ಟುಕೊಂಡು ಕೂತುಬಿಟ್ಟ. "ನಿನ್ನೆ ರಾತ್ರಿ ಅವಳು ಎಲ್ಲ ಹೇಳಿದ್ಲು. ಅಮ್ಮ ಇರೋದು ಅಲ್ಲೇ ಅನ್ನೋದು ಸಹಿ ಹಾಕುವಾಗ ನಂಗೆ ಹೊಳೀಲೇ ಇಲ್ಲ ಕಣೋ."

"ನಾನು ಜೊತೇಲೇ ಇರೋನು. ನಂಗೇ ಹೊಳೀಲಿಲ್ಲ."

ಒಳಗಿನಿಂದ ಅತ್ತಿಗೆಯ ದನಿ ಬಂತು. "ಇಬ್ರೂ ಸೇರಿ ಆಮೇಲೆ ಅಳಿ. ಮೊದಲು ಊರಿನವರ ಹತ್ರ ಹೋಗಿ."

ಹೋದರು. ಅಣ್ಣತಮ್ಮ ಜೋಡಿಯಾಗಿ ಬೀದಿಯಲ್ಲಿ ನಡೆದದ್ದನ್ನು ನೋಡಿ ಜನ ಕಿಟಕಿ ತೆಗೆದರು. ಮನೆ ಮನೆಯಲ್ಲೂ ಅದೇ ಕಥೆ. ಹಿಟ್ಟಿನ ಗಿರಣಿಯವಳು ದರ್ಜಿಯ ನೆಲ ತೋರಿಸಿದ್ದಳು. ದರ್ಜಿ ಮೇಷ್ಟ್ರ ನೆಲ ತೋರಿಸಿದ್ದ. ಓದಿದವರು ಎಂದು ಊರೇ ಮಾತು ಕೇಳುವ ಮೇಷ್ಟ್ರು ಸ್ಮಶಾನದ ಕಡೆ ಕೈ ತೋರಿಸಿದ್ದರು, ಅಲ್ಲಿಂದ ತಕರಾರು ಬರಲಾರದು ಎಂಬ ಧೈರ್ಯ. ಪ್ರತಿಯೊಬ್ಬರೂ ತಾವೊಬ್ಬರೇ ಜಾಣರು ಎಂದುಕೊಂಡಿದ್ದರು. ಹೀಗೆ ಒಬ್ಬರ ಮೇಲೊಬ್ಬರು ಹಾಕಿ, ಇಡೀ ಊರನ್ನು ಊರವರೇ ಸಹಿ ಮಾಡಿ ಕೊಟ್ಟಿದ್ದರು.

ನಾಚಿಕೆ ಒಂದು ಕಡೆ, ಹೆದರಿಕೆ ಇನ್ನೊಂದು ಕಡೆ. ಕೊನೆಗೆ ಎಲ್ಲರೂ ಸೇರಿ ಒಂದು ಮಾತು ಹೇಳಿ ಕಳಿಸಿದರು: ಇನ್ನು ಬೇರೆ ಬೇರೆ ಮಾತಿಲ್ಲ, ನೆಲ ಬೇಕಾದವರು ಬಂದು ನಮ್ಮೆಲ್ಲರ ಮುಂದೆ ಮಾತಾಡಲಿ. ಸಭೆ ಕಸಿಗಾರನ ನರ್ಸರಿಯಲ್ಲೇ ಸೇರಿತು. ಗೂಟದ ಸಾಹೇಬ ಬಂದ, ಅವನ ಜೊತೆ ಭೂಸ್ವಾಧೀನದ ದೊಡ್ಡ ಅಧಿಕಾರಿಯೂ ಬಂದರು. ಗುಲಾಬಿ ಕುಂಡಗಳನ್ನು ಸರಿಸಿ ಇಬ್ಬರಿಗೂ ಕುರ್ಚಿ ಹಾಕಿದರು.

ಮೊದಲು ಎದ್ದವಳು ಕಸಿಗಾರನ ಹೆಂಡತಿ. ಸಭೆಯಲ್ಲಿ ಎಂದೂ ಬಾಯಿ ತೆರೆದವಳಲ್ಲ. "ಸಾರ್, ಒಡೆದ್ರೆ ನಮಗೆ ಹೇಗೆ ಗೊತ್ತಾಗತ್ತೆ?"

"ಸೈರನ್ ಹೊಡೆಯತ್ತಮ್ಮ. ಎಲ್ಲ ವ್ಯವಸ್ಥೆ ಇರತ್ತೆ" ಎಂದರು ಅಧಿಕಾರಿ.

"ಹೊಡೆದ ಮೇಲೆ?"

"ಎತ್ತರದ ಜಾಗಕ್ಕೆ ಹೋಗ್ಬೇಕು."

ಮನೆಯೊಳಗಿನಿಂದ ಅಮ್ಮನ ದನಿ ಕೇಳಿತು. "ಸಾಹೇಬ್ರೇ, ನಾನೂ ಹೋಗ್ಲಾ?"

ಒಂದಿಬ್ಬರು ನಕ್ಕರು. ಅತ್ತಿಗೆ ನಗಲಿಲ್ಲ. ಗಂಡ ಮತ್ತು ಮೈದುನನ ಕಡೆ ತಿರುಗಿದಳು. "ಹೋಗಿ. ಅತ್ತೇನ ಮಂಚದ ಸಮೇತ ಎತ್ಕೊಳ್ಳಿ. ದಿಣ್ಣೆ ಮೇಲಕ್ಕೆ ಒಯ್ಯಿರಿ. ಆದ್ರೆ ಎತ್ತುವಾಗ ಹಿಡಿದ ಉಸಿರು ಮೇಲೆ ಹೋದ ಮೇಲೇ ಬಿಡಬೇಕು. ನಡುವೆ ಉಸಿರಾಡೋ ಹಾಗಿಲ್ಲ. ಗಾಳಿ ಇಲ್ಲ ಅಂದ್ಕೊಳ್ಳಿ."

ಅಣ್ಣ ತಲೆಯ ಕಡೆ ಹಿಡಿದ, ತಮ್ಮ ಕಾಲಿನ ಕಡೆ. ಎದೆ ತುಂಬ ಉಸಿರು ಎಳೆದು ಎತ್ತಿದರು. ಕೋಣೆಯ ಬಾಗಿಲಲ್ಲಿ ಮಂಚದ ಕಾಲು ತಗುಲಿತು, ಓರೆ ಮಾಡಿ ತೆಗೆದರು. ಪಡಸಾಲೆ ದಾಟಿ ಅಂಗಳಕ್ಕೆ ಬಂದಾಗ ಅಣ್ಣನ ಕತ್ತಿನ ನರ ಉಬ್ಬಿತ್ತು. ನಲ್ಲಿಯ ಹತ್ತಿರ ಕೆಸರಲ್ಲಿ ತಮ್ಮನ ಕಾಲು ಜಾರಿತು, ಸಾವರಿಸಿಕೊಂಡ. ಸೀಬೆ ಮಡಿಗಳ ನಡುವಿನ ದಾರಿ ಒಬ್ಬರು ನಡೆಯುವಷ್ಟೇ ಅಗಲ, ಒಂದು ಪಾದ ಸಸಿಗಳ ಮೇಲೆ ಹೋಯಿತು. ಕಣ್ಣಿಗೆ ಕತ್ತಲೆ ಬಂತು. ಏರು ಶುರುವಾಗುವ ಕಡೆ ದೊಡ್ಡ ಕಲ್ಲೊಂದಿದೆ. ಅದರವರೆಗಾದರೂ ಹೋಗಬೇಕು ಎಂದು ಕಸಿಗಾರ ಹಲ್ಲು ಕಚ್ಚಿದ. ಬಾಯಿ ತಾನಾಗಿ ತೆರೆದುಕೊಂಡಿತು, ಗಾಳಿ ನುಗ್ಗಿತು. ಮಂಚ ವಾಲಿ ನೆಲಕ್ಕೆ ತಗುಲಿತು. ಅಣ್ಣ ಅದರ ಪಕ್ಕದಲ್ಲೇ ಮಂಡಿಯೂರಿ ಬುಸುಗುಟ್ಟುತ್ತಿದ್ದ.

ಏರು ಇನ್ನೂ ಶುರುವೇ ಆಗಿರಲಿಲ್ಲ.

ಅಮ್ಮ ವಾಲಿದ ಮಂಚದಲ್ಲಿ ಮಲಗಿದ್ದಲ್ಲಿಂದಲೇ ಮಕ್ಕಳಿಬ್ಬರನ್ನೂ ನೋಡಿದಳು. "ನಾನು ಉಸಿರು ಹಿಡೀಲೇ ಇಲ್ಲ ಕಣ್ರೋ. ಈ ವಯಸ್ಸಲ್ಲಿ ಎಲ್ಲಿ ಆಗತ್ತೆ? ನಾನು ಹೊಸ್ತಿಲಲ್ಲೇ ಹೋದೆ. ನೀವು ಹೆಣ ಹೊತ್ಕೊಂಡು ಇಲ್ಲಿವರೆಗೆ ಬಂದಿರಿ."

ಗಿರಣಿಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೂಟದ ಸಾಹೇಬ ತನ್ನ ಬೂಟು ನೋಡುತ್ತಿದ್ದ. ದೊಡ್ಡ ಅಧಿಕಾರಿ ಕುರ್ಚಿಯಿಂದ ಎದ್ದರು. "ನೋಡಿ, ನಮಗೂ ಮನುಷ್ಯತ್ವ ಇದೆ. ಇಷ್ಟು ಕಷ್ಟ ಅಂದ್ರೆ ನಿಮ್ಮೂರು ಬಿಡೋಣ. ಲೈನ್ ತಿರುಗಿಸಿ ಪಕ್ಕದೂರಿನ ಕಡೆ ಹಾಕ್ತೀವಿ. ಆಗಬಹುದಾ?"

ಜನರ ನಡುವೆ ನಿಟ್ಟುಸಿರು ಎದ್ದಿತು. ಇದ್ದದ್ದು ಹೇಳಬೇಕು, ಕಸಿಗಾರನಿಗೂ ಒಂದು ಗಳಿಗೆ ಜೀವ ಬಂದ ಹಾಗಾಯಿತು. ಹೂಂ ಎಂದರೆ ಮುಗಿಯಿತು. ಅಮ್ಮ ತನ್ನ ಕೋಣೆಯಲ್ಲಿ ನೆಮ್ಮದಿಯಾಗಿರುತ್ತಾಳೆ. ಅವನು ಅಣ್ಣನ ಮುಖ ನೋಡಿದ. ಅಣ್ಣನ ಮುಖದಲ್ಲೂ ಅದೇ ಆಸೆ, ಆಸೆಯ ಹಿಂದೆ ಅದೇ ನಾಚಿಕೆ.

"ಅಲ್ಲಿ ತಗ್ಗಲ್ಲಿ ಯಾರ ಮನೆ ಇದೆ ಸಾರ್?" ಎಂದು ಕೇಳಿದ ಕಸಿಗಾರ.

"ಅದು ನೋಡಿಲ್ಲ ಇನ್ನೂ."

"ನೋಡದೇ ಇದ್ರೆ ಬರ್ಕೊಳ್ಳಿ. ಇಲ್ಲೂ ಬೇಡ, ಅಲ್ಲೂ ಬೇಡ. ಹೊಗೆ ಕಡಿಮೆ ಮಾಡ್ಬೇಡಿ ಅಂತ ನಾವ್ಯಾರೂ ಹೇಳ್ತಿಲ್ಲ. ಅದನ್ನ ಜನ ಮಲಗೋ ಕಡೆಯಿಂದ ತರಬೇಡಿ. ನಮ್ಮ ನೆಲ ನಮ್ಮನ್ನ ಕೇಳದೇ ಕಿತ್ಕೋಬೇಡಿ."

ದರ್ಜಿ ಎದ್ದು ನಿಂತ. ಗಿರಣಿಯವಳು ಎದ್ದಳು. ಸ್ವಲ್ಪ ತಡವಾಗಿ, ತಲೆ ತಗ್ಗಿಸಿಕೊಂಡು, ಮೇಷ್ಟ್ರೂ ಎದ್ದರು. ಎಲ್ಲರೂ ಒಂದೇ ಅರ್ಜಿಗೆ ಸಹಿ ಹಾಕಿದರು. ಕಸಿಗಾರ ಅಮ್ಮನ ಹೆಬ್ಬೆಟ್ಟಿಗೆ ಶಾಯಿ ಹಚ್ಚಿದಾಗ ಅವಳು, "ಗಟ್ಟಿಯಾಗಿ ಒತ್ತು, ಕಾಣಬೇಕು" ಎಂದಳು.

ಗೆದ್ದರು ಎಂದು ಹೇಳಿ ಕಥೆ ಮುಗಿಸಲು ನಮಗೂ ಆಸೆ. ಆದರೆ ಗೆದ್ದಿಲ್ಲ. ಅಳತೆ ಕೆಲಸ ನಿಂತಿದೆ, ಯೋಜನೆ ನಿಂತಿಲ್ಲ. ಮೊಕದ್ದಮೆ ಕೋರ್ಟಿನಲ್ಲಿದೆ. ಕಂಪನಿಯ ವಕೀಲರು ದೊಡ್ಡವರು, ಊರಿನ ವಕೀಲ ಹೊಸಬ. ಅಣ್ಣತಮ್ಮ ಈಗ ರಜೆಯ ದಿನಗಳಲ್ಲಿ ಪಕ್ಕದೂರಿಗೆ ಹೋಗಿ ಮನೆ ಮನೆಯ ಜಗುಲಿಯಲ್ಲಿ ಕೂರುತ್ತಾರೆ. ಅಲ್ಲಿಯವರೂ ಮೊದಲು ನಗುತ್ತಾರೆ, ಸೋಡಾದ ಮಾತು ತೆಗೆಯುತ್ತಾರೆ. ಆಗ ಜೊತೆಗೆ ಬಂದ ಅತ್ತಿಗೆ ತಾನು ಕಂಡದ್ದನ್ನು ಹೇಳುತ್ತಾಳೆ. ಮಗುವಿನ ವಿಷಯಕ್ಕೆ ಬಂದಾಗ ಈಗಲೂ ಅವಳಿಗೆ ಮುಂದೆ ಹೇಳಲಾಗುವುದಿಲ್ಲ.

ಈಗ ನಿಮಗೆ ಒಂದು ಮಾತು, ಇದನ್ನು ಓದುತ್ತಿರುವವರಿಗೆ, ಪಕ್ಕದಲ್ಲಿ ಕೂತು ಕೇಳುತ್ತಿರುವವರಿಗೆ. ನಿಮ್ಮ ನೆಲಕ್ಕೂ ಒಂದು ದಿನ ಇಂಥವರು ಬರಬಹುದು, ಮೆತ್ತಗೆ ಮಾತಾಡಬಹುದು. ಜೀಪಿನ ಬಾನೆಟ್ ಮೇಲೆ ಸಹಿ ಹಾಕಬೇಡಿ. ಒಬ್ಬರೇ ಒಪ್ಪಬೇಡಿ, ಒಬ್ಬರೇ ಚೌಕಾಸಿಯನ್ನೂ ಮಾಡಬೇಡಿ. ಪೈಪಿನಲ್ಲಿ ಏನು ಹೋಗುತ್ತದೆ, ಒಡೆದರೆ ಅದು ಎಷ್ಟು ದೂರ ಹರಿಯುತ್ತದೆ, ಯಾರು ಬಂದು ಎತ್ತುತ್ತಾರೆ, ಕೊಡುವುದಿಲ್ಲ ಎನ್ನುವ ಹಕ್ಕು ನಮಗೆ ಎಷ್ಟಿದೆ ಎಂದು ಎಲ್ಲರ ಮುಂದೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಕೇಳಿ, ನಿಮಗೆ ಗೊತ್ತಿರುವ ವಕೀಲರಿಗೆ ತೋರಿಸಿ. ಪಕ್ಕದವರ ನೆಲದ ಕಡೆ ಕೈ ತೋರಿಸುವ ಮುಂಚೆ ಪಕ್ಕದವರ ಮನೆಗೆ ಹೋಗಿ.

ಅದಕ್ಕೂ ಮೊದಲು ನಿಮ್ಮ ಮನೆಯಲ್ಲಿ ಎದ್ದು ಓಡಲಾರದವರು ಯಾರಿದ್ದಾರೆ ನೋಡಿ. ಉಸಿರು ಹಿಡಿದು ಅವರನ್ನು ಎತ್ತಿಕೊಳ್ಳಿ. ಎಲ್ಲಿಯವರೆಗೆ ಹೋಗಬಲ್ಲಿರಿ ಎಂದು ನಡೆದು ನೋಡಿ, ಆಮೇಲೆ ಪೆನ್ನು ಮುಟ್ಟಿ.